7 ವರ್ಷ, 84 ತಿಂಗಳ ಸಂಬಳ: ಒಂದು ಆನ್‌ಲೈನ್ ಪೇರೋಲ್ ಸಾಫ್ಟ್‌ವೇರ್ ಜೊತೆ

ಪ್ರತಿ ತಿಂಗಳು 25ನೇ ತಾರೀಕು ಬೆಳಿಗ್ಗೆ ನಾನು ಮೊದಲು ಒತ್ತುವುದು ನಮ್ಮ ಪೇರೋಲ್ (ಸಂಬಳ ಲೆಕ್ಕದ) ಸಾಫ್ಟ್‌ವೇರ್‌ನ ಟ್ರಯಲ್ ರನ್ ಬಟನ್, ಅಂದರೆ ಫೈನಲ್ ಮಾಡುವ ಮೊದಲಿನ ಪ್ರಯೋಗದ ಲೆಕ್ಕ. ಹಿಂದಿನ ದಿನ ಸಂಜೆಗೇ ಹಾಜರಿ ಲಾಕ್ ಆಗಿರುತ್ತದೆ. ರಜೆ ಅರ್ಜಿಗಳನ್ನು ಬಾಕಿ ಉಳಿಸಿಕೊಂಡ ಮ್ಯಾನೇಜರ್‌ಗಳಿಗೆ ಫೋನ್ ಮಾಡಿ ಮುಗಿದಿರುತ್ತದೆ. ಬಟನ್ ಒತ್ತಿ ಒಂದು ನಿಮಿಷ ಆಗುವಷ್ಟರಲ್ಲಿ 140 ಜನರ ಸಂಬಳ ಪರದೆ ಮೇಲಿರುತ್ತದೆ. ಆ ಪಟ್ಟಿಯನ್ನು ನಾನು ಆಗ ನೋಡುವುದಿಲ್ಲ. ಸೀದಾ ವ್ಯತ್ಯಾಸದ ವರದಿಗೆ ಹೋಗುತ್ತೇನೆ. ಹೋದ ತಿಂಗಳಿಗಿಂತ ಯಾರ ಸಂಬಳ ಬದಲಾಗಿದೆ, ಎಷ್ಟು ಬದಲಾಗಿದೆ, ಯಾಕೆ ಬದಲಾಗಿದೆ. ಅಷ್ಟೇ ಇರುತ್ತದೆ ಅದರಲ್ಲಿ. ಬದಲಾಗದವರ ಹೆಸರೇ ಬರುವುದಿಲ್ಲ. 140 ಸಾಲು ಇಳಿದು ಹದಿನೈದೋ ಇಪ್ಪತ್ತೋ ಆಗುತ್ತದೆ. ಒಂದೊಂದೇ ಸಾಲಿಗೆ ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತಾ ಹೋಗುತ್ತೇನೆ. ಓವರ್‌ಟೈಮ್, ಸರಿ. ಎರಡು ದಿನ ಸಂಬಳವಿಲ್ಲದ ರಜೆ, ಸರಿ. ಇಂಕ್ರಿಮೆಂಟ್ ತಡವಾಗಿ ಬಂದಿದೆ, ಹಿಂದಿನ ಎರಡು ತಿಂಗಳ ಅರಿಯರ್ಸ್ ಸೇರಿದೆ, ಸರಿ. ಈ ಒಂದು ವರದಿಗಾಗಿಯೇ ಏಳು ವರ್ಷ ಈ ಸಾಫ್ಟ್‌ವೇರ್ ಬಿಡದೆ ಇಟ್ಟುಕೊಂಡಿದ್ದೇನೆ.

ಸಾಫ್ಟ್‌ವೇರ್ ಕಂಪನಿಯ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಫೀಚರ್ ಪಟ್ಟಿ, ಪ್ಲಾನ್‌ಗಳ ವಿವರ ಎಲ್ಲ ಕಡೆಯೂ ಸಿಗುತ್ತದೆ. ಇಂಥ ಕಂಪನಿ ದೊಡ್ಡದಾಗುವಾಗ ಅದರ ಹಳೇ ಗ್ರಾಹಕರಿಗೆ ಏನಾಗುತ್ತದೆ ಅನ್ನೋದನ್ನು ಹೇಳಬೇಕು ಅನ್ನಿಸಿತು.

ನಾವು ಅದರ ಗ್ರಾಹಕರಾಗಿ ಸೇರಿದಾಗ ನಮ್ಮ ಕಚೇರಿಯಲ್ಲಿ ಇದ್ದದ್ದು 23 ಜನ. ಅಲ್ಲಿಯವರೆಗೆ ಸಂಬಳವೆಲ್ಲ ನನ್ನ ಎಕ್ಸೆಲ್ ಶೀಟ್‌ನಲ್ಲಿತ್ತು. ಒಂದು ತಿಂಗಳ ಕೊನೆಯಲ್ಲಿ ನನಗೆ ಜ್ವರ ಬಂದು ಮಲಗಿಬಿಟ್ಟೆ. ಆ ಶೀಟ್‌ನ ಸೂತ್ರಗಳು ಬೇರೆ ಯಾರಿಗೂ ಅರ್ಥವಾಗಲಿಲ್ಲ. ಸಂಬಳ ನಾಲ್ಕು ದಿನ ತಡವಾಯಿತು. ಬಾಡಿಗೆ ಕಟ್ಟಬೇಕಾದವರು, ಸಾಲದ ಕಂತು ಇದ್ದವರು ನನಗೇ ಫೋನ್ ಮಾಡಿದರು. ಇವತ್ತು ಜಗತ್ತಿನ ದೊಡ್ಡ ಪೇರೋಲ್ ಕಂಪನಿಗಳಲ್ಲಿ ಒಂದಾದ ಎಡಿಪಿಯನ್ನು ಹೆನ್ರಿ ಟಾಬ್ ಅನ್ನುವವರು 1949ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರು ಮಾಡಿದರು. ಅದರ ಹಿಂದೆಯೂ ಇಂಥದ್ದೇ ಕಥೆ ಇದೆ ಎನ್ನುತ್ತಾರೆ. ಲೆಕ್ಕ ಬರೆಯುವ ಒಬ್ಬರು ಕಾಯಿಲೆ ಬಿದ್ದು ಒಂದು ಕಂಪನಿಯಲ್ಲಿ ಸಂಬಳ ನಿಂತಿದ್ದನ್ನು ಅವರು ನೋಡಿದ್ದರಂತೆ. ಇದನ್ನು ಓದಿದಾಗ ಆ ಜ್ವರದ ನಾಲ್ಕು ದಿನ ಕಣ್ಣ ಮುಂದೆ ಬಂತು.

ಮೊದಲ ಎರಡು ತಿಂಗಳು ಪ್ಯಾರಲಲ್ ರನ್ ಮಾಡಿದೆವು. ಹಳೇ ಶೀಟ್‌ನಲ್ಲಿ ಒಂದು ಲೆಕ್ಕ, ಹೊಸದರಲ್ಲಿ ಒಂದು ಲೆಕ್ಕ, ಎರಡೂ ಪೈಸೆಗೆ ಪೈಸೆ ತಾಳೆಯಾಗಬೇಕು. ಇಂಥ ಸಾಫ್ಟ್‌ವೇರ್‌ಗೆ ಹೊಸದಾಗಿ ಬರುವವರು ದಯವಿಟ್ಟು ಇದನ್ನು ಬಿಡಬೇಡಿ. ಇಂಗ್ಲೆಂಡಿನ ಲಯನ್ಸ್ ಕಂಪನಿ 1950ರ ದಶಕದಲ್ಲಿ ತನ್ನದೇ ಲಿಯೋ ಕಂಪ್ಯೂಟರ್‌ನಲ್ಲಿ ನೌಕರರ ಸಂಬಳ ಲೆಕ್ಕ ಹಾಕಲು ಹೊರಟಾಗಲೂ ಗುಮಾಸ್ತರ ಲೆಕ್ಕವನ್ನು ತಕ್ಷಣ ನಿಲ್ಲಿಸಲಿಲ್ಲ, ಪಕ್ಕದಲ್ಲೇ ನಡೆಸಿದರು. ಅನುಭವಿ ಗುಮಾಸ್ತರಿಗೆ ಒಬ್ಬ ನೌಕರನ ಲೆಕ್ಕಕ್ಕೆ ಸುಮಾರು 8 ನಿಮಿಷ ಹಿಡಿಯುತ್ತಿತ್ತು, ಲಿಯೋಗೆ 1.5 ಸೆಕೆಂಡ್ ಸಾಕಾಯಿತು. ಅಷ್ಟು ವೇಗ ಸಿಕ್ಕರೂ ತಾಳೆ ನೋಡದೆ ನಂಬಲಿಲ್ಲ.

ಆಗ ನಮ್ಮ ಸಾಫ್ಟ್‌ವೇರ್ ಕಂಪನಿಯೂ ಚಿಕ್ಕದು. ಫೋನ್ ಮಾಡಿದರೆ ಇಬ್ಬರಲ್ಲಿ ಒಬ್ಬರು ಎತ್ತುತ್ತಿದ್ದರು. ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿಯುತ್ತಿದ್ದರು. "ಮೇಡಂ, ನಿಮ್ಮ ರಾತ್ರಿ ಪಾಳಿ ಭತ್ಯೆ ಸೆಟ್ಟಿಂಗ್ ನಾನೇ ಹಾಕಿದ್ದು, ಒಂದ್ನಿಮಿಷ ನೋಡ್ತೀನಿ" ಅಂತ ಅವರೇ ತೆರೆದು ನೋಡುತ್ತಿದ್ದರು. ಮೂರನೇ ವರ್ಷದಿಂದ ಕಂಪನಿ ಬೆಳೆಯತೊಡಗಿತು. ಸಂಬಳದ ಜೊತೆ ನೇಮಕಾತಿ ಬಂತು, ವಾರ್ಷಿಕ ಮೌಲ್ಯಮಾಪನ ಬಂತು, ಖರ್ಚಿನ ಬಿಲ್, ಮೊಬೈಲ್ ಆಪ್ ಬಂತು. ಈ ವ್ಯವಹಾರದ ದಾರಿಯೇ ಹಾಗೆ. ಅಮೆರಿಕದ ಗಸ್ಟೋ ಕಂಪನಿಯ ಮೊದಲ ಹೆಸರು ಝೆನ್‌ಪೇರೋಲ್. ಬರೀ ಸಂಬಳದ ಕೆಲಸದಿಂದ ಶುರುವಾಗಿ, ಉಳಿದದ್ದಕ್ಕೂ ಕೈ ಹಾಕುವ ಹೊತ್ತಿಗೆ, 2015ರಲ್ಲಿ ಹೆಸರನ್ನೇ ಬದಲಿಸಿಕೊಂಡಿತು. ಸಂಬಳದ ಲೆಕ್ಕ ಒಮ್ಮೆ ಒಂದು ಕಡೆ ಕೂತರೆ ಗ್ರಾಹಕರು ಸುಲಭವಾಗಿ ಜಾಗ ಬಿಡುವುದಿಲ್ಲ. ಹಾಗಾಗಿ ಅದೇ ಗ್ರಾಹಕರಿಗೆ ಇನ್ನಷ್ಟು ಮಾರಬಹುದು. ನಮ್ಮಂಥವರು ಬೇಡ ಅಂದಿದ್ದು ಜಾಸ್ತಿ. ತಲೆಗೆ ಇಷ್ಟು ಅಂತ ತಿಂಗಳ ಶುಲ್ಕ, ಇಂಥ ಒಂದೊಂದು ಮಾಡ್ಯೂಲ್‌ಗೆ (ಭಾಗಕ್ಕೆ) ಮತ್ತೆ ಬೇರೆ. ಸಂಬಳ, ರಜೆ, ಹಾಜರಿ ಮೂರನ್ನೇ ಇಟ್ಟುಕೊಂಡೆವು.

ಇಷ್ಟರವರೆಗೆ ನನ್ನದೇನೂ ದೂರಿರಲಿಲ್ಲ.

ಹೋದ ವರ್ಷ ಜನವರಿಯಲ್ಲಿ ಎಲ್ಲ ಗ್ರಾಹಕರನ್ನೂ ಹೊಸ ಆವೃತ್ತಿಗೆ ಸಾಗಿಸಿದರು. ಬಣ್ಣ ಚೆನ್ನಾಗಿತ್ತು, ಪುಟಗಳು ಬೇಗ ತೆರೆಯುತ್ತಿದ್ದವು. ಫೆಬ್ರವರಿ ಸಂಬಳ ಹಾಕಿದ ಮಾರನೇ ದಿನ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ನನ್ನ ಟೇಬಲ್ ಹತ್ತಿರ ಬಂದು ನಿಂತಳು. ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆರೆದಿತ್ತು. "ಮೇಡಂ, ನನ್ನ ಲೆಕ್ಕ ತಪ್ಪೋ ಏನೋ, ಸ್ವಲ್ಪ ನೋಡ್ತೀರಾ?" ಅಂದಳು. ತಿಂಗಳ ಸಂಬಳ 30,000. ಸೇರಿದ್ದು 17ನೇ ತಾರೀಕು. ಫೆಬ್ರವರಿಗೆ 28 ದಿನ, ಅವಳದು 12 ದಿನ. ನಮ್ಮ ನಿಯಮ ಕ್ಯಾಲೆಂಡರ್ ದಿನದ್ದು. 30,000ವನ್ನು 28ರಿಂದ ಭಾಗಿಸಿ 12ರಿಂದ ಗುಣಿಸಿದರೆ 12,857 ಬರಬೇಕು. ಪೇಸ್ಲಿಪ್‌ನಲ್ಲಿ 12,000 ಇತ್ತು. ಸಾಫ್ಟ್‌ವೇರ್ 30ರಿಂದ ಭಾಗಿಸಿತ್ತು. ಸಾಗಾಣಿಕೆಯಲ್ಲಿ ನಮ್ಮ ಸೆಟ್ಟಿಂಗ್ ಹೋಗಿ ಅವರ ಡೀಫಾಲ್ಟ್ (ಮೊದಲೇ ಇಟ್ಟಿರುವ ಸೆಟ್ಟಿಂಗ್) ಬಂದು ಕೂತಿತ್ತು. 31 ದಿನದ ತಿಂಗಳಾಗಿದ್ದರೆ ಇದೇ ತಪ್ಪು ತಿರುಗಿ, ಜಾಸ್ತಿ ಕೊಟ್ಟುಬಿಡುತ್ತಿದ್ದೆವು.

ನನ್ನ ಪ್ರೀತಿಯ ವರದಿ ಇದನ್ನು ಹಿಡಿಯಲಿಲ್ಲ. ಹಿಡಿಯಲು ಸಾಧ್ಯವೂ ಇರಲಿಲ್ಲ. ಹೊಸಬರಿಗೆ ಹೋದ ತಿಂಗಳ ಸಂಬಳವೇ ಇರುವುದಿಲ್ಲ, ಇನ್ನು ಹೋಲಿಸುವುದು ಯಾವುದಕ್ಕೆ? ಕಾರಣದ ಕಾಲಂನಲ್ಲಿ 'ಹೊಸ ಸೇರ್ಪಡೆ' ಅಂತಿತ್ತು, ನಾನು ಟಿಕ್ ಹಾಕಿ ಮುಂದೆ ಹೋಗಿದ್ದೆ. ಆ ತಿಂಗಳು ಮೂವರು ಹೊಸಬರಿದ್ದರು. ಮೂವರಿಗೂ ಕಡಿಮೆ ಹೋಗಿತ್ತು. ಕೆಲಸಕ್ಕೆ ಸೇರಿದ ಮೇಲಿನ ಮೊದಲ ಸಂಬಳ ಅದು. ಅದು ತಪ್ಪಾಗಿ ಹೋದರೆ ಹೇಗಿರುತ್ತದೆ ಅಲ್ವಾ?

ಫೋನ್ ಮಾಡೋಣ ಅಂದರೆ ಹಳೇ ನಂಬರ್ ಇಲ್ಲ. ಚಾಟ್‌ಬಾಟ್ 'ಪ್ರೊ-ರೇಟಾ (ದಿನಗಳ ಲೆಕ್ಕದ ಸಂಬಳ) ಎಂದರೇನು' ಅನ್ನುವ ಲೇಖನದ ಲಿಂಕ್ ಕೊಟ್ಟಿತು. ಆನ್‌ಲೈನ್‌ನಲ್ಲಿ ದೂರಿನ ಟಿಕೆಟ್ ಹಾಕಿದೆ. ಎರಡು ದಿನದ ಮೇಲೆ ಒಬ್ಬರು ಸ್ಕ್ರೀನ್‌ಶಾಟ್ ಕೇಳಿದರು, ಕಳಿಸಿದೆ. ಮೂರನೇ ದಿನ ಇನ್ನೊಬ್ಬರು ಅದೇ ಸ್ಕ್ರೀನ್‌ಶಾಟ್ ಕೇಳಿದರು. ಆರನೇ ದಿನ 'ಸಿಸ್ಟಂ ಸೆಟ್ಟಿಂಗ್ ಪ್ರಕಾರವೇ ಕೆಲಸ ಮಾಡಿದೆ' ಅಂತ ಬರೆದು ಟಿಕೆಟ್ ಮುಚ್ಚಿದರು. ಆ ಸೆಟ್ಟಿಂಗ್ ಬದಲಿಸಿದ್ದು ಯಾರು ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಯಾರು ಏನು ಬದಲಿಸಿದರು ಅಂತ ದಾಖಲಿಸುವ ಆಡಿಟ್ ಲಾಗ್ ತೆರೆದರೆ ಬದಲಿಸಿದವರ ಹೆಸರಿನ ಜಾಗದಲ್ಲಿ 'ಸಿಸ್ಟಂ' ಅಂತ ಮಾತ್ರ ಇತ್ತು. ಅವತ್ತು ನಿಜವಾಗಿಯೂ ಕೋಪ ಬಂತು. ಬಾಕಿಯನ್ನು ಆಫ್-ಸೈಕಲ್ ರನ್ (ತಿಂಗಳ ಸಂಬಳದ ಹೊರಗಿನ ಬೇರೆ ಪಾವತಿ) ಮಾಡಿ ನಾನೇ ಕೊಟ್ಟೆ. ಮೂವರ ಹತ್ತಿರವೂ ನಾನೇ ಹೋಗಿ ಕ್ಷಮೆ ಕೇಳಿದೆ.

ಬೇರೆ ಎರಡು ಕಂಪನಿಗಳ ಡೆಮೊ ನೋಡಿದೆ. ಒಂದರಲ್ಲಿ ವ್ಯತ್ಯಾಸದ ವರದಿಯೇ ಇರಲಿಲ್ಲ, ಡೌನ್‌ಲೋಡ್ ಮಾಡಿ ನೀವೇ ಹೋಲಿಸಿಕೊಳ್ಳಿ ಅಂದರು. ಇನ್ನೊಂದರ ಖರ್ಚು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅಷ್ಟರಲ್ಲಿ ಸಬ್‌ಸ್ಕ್ರಿಪ್ಷನ್ ನವೀಕರಣದ ಸಮಯ ಬಂತು. ಮಾತಾಡಲು ಬಂದ ಸೇಲ್ಸ್‌ನವರ ಮುಂದೆ ಆ ಪೇಸ್ಲಿಪ್ ಇಟ್ಟೆ. ಅವರು ಸುಮ್ನೆ ತಲೆಯಾಡಿಸಿ ಹೋಗುತ್ತಾರೆ ಅಂದುಕೊಂಡಿದ್ದೆ. ಆದರೆ ಮಾರನೇ ವಾರ ಲೆಕ್ಕದ ಎಂಜಿನ್ ನೋಡಿಕೊಳ್ಳುವ ತಂಡದಿಂದಲೇ ಫೋನ್ ಬಂತು. ಒಂದು ಗಂಟೆ ಕೂತು ಕೇಳಿದರು. ತಪ್ಪು ನಮ್ಮದು ಅಂದರು. ನಾಲ್ಕು ತಿಂಗಳಾದ ಮೇಲೆ ವರದಿಯಲ್ಲಿ ಹೊಸಬರಿಗೇ ಬೇರೆ ಭಾಗ ಬಂತು. ಸೇರಿದ ದಿನ, ಸಂಬಳ ಸಿಗುವ ದಿನಗಳು, ಯಾವ ಸಂಖ್ಯೆಯಿಂದ ಭಾಗಿಸಿದ್ದು, ಎಲ್ಲ ಒಂದೇ ಸಾಲಿನಲ್ಲಿ. ಲೆಕ್ಕದ ಸೆಟ್ಟಿಂಗ್ ಏನೇ ಬದಲಾದರೂ ನಾನು ಒಪ್ಪಿಗೆ ಕೊಡದೆ ಸಂಬಳ ಫೈನಲ್ ಆಗದಂತೆ ಬೀಗವನ್ನೂ ಹಾಕಿದರು. ಆ ಸಾಲನ್ನು ಮೊದಲ ಸಲ ನೋಡಿದಾಗ ತುಂಬ ಖುಷಿಯಾಯಿತು. ಫೋನ್ ನಂಬರ್ ಮಾತ್ರ ವಾಪಸ್ ಬರಲಿಲ್ಲ.

ಐವತ್ತರೊಳಗೆ ಜನರಿರುವ ಕಚೇರಿಯಾದರೆ ಮೊದಲು ಸಪೋರ್ಟ್ ಹೇಗಿದೆ ಪರೀಕ್ಷೆ ಮಾಡಿ. ತಿಂಗಳ ಕೊನೇ ವಾರದಲ್ಲೇ ಒಂದು ಪ್ರಶ್ನೆ ಕಳಿಸಿ ನೋಡಿ, ಬೇರೆ ದಿನ ಎಲ್ಲರೂ ಬೇಗ ಉತ್ತರ ಕೊಡುತ್ತಾರೆ. ಫೈನಲ್ ಆದ ಕೂಡಲೇ ಸಂಬಳದ ರಿಜಿಸ್ಟರ್ ಇಳಿಸಿ ನಿಮ್ಮಲ್ಲೇ ಇಟ್ಟುಕೊಳ್ಳಿ. 2021ರ ಡಿಸೆಂಬರ್‌ನಲ್ಲಿ ಹಾಜರಿ, ಸಂಬಳ ನೋಡಿಕೊಳ್ಳುವ ಕ್ರೋನೋಸ್ ಅನ್ನುವ ಆನ್‌ಲೈನ್ ಸೇವೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ (ಡೇಟಾಗೆ ಬೀಗ ಹಾಕಿ ಹಣ ಕೇಳುವ ದಾಳಿ) ಅದನ್ನು ನಂಬಿದ್ದ ಎಷ್ಟೋ ಸಂಸ್ಥೆಗಳು ವಾರಗಟ್ಟಲೆ ಹಾಜರಿಯನ್ನು ಕಾಗದದಲ್ಲಿ ಬರೆದುಕೊಳ್ಳಬೇಕಾಯಿತು.

ನವೀಕರಣದ ಹೊತ್ತಿಗೆ ನಮ್ಮ ಸಾಫ್ಟ್‌ವೇರ್ ಕಂಪನಿಯವರು ಮೂರು ವರ್ಷದ ಒಪ್ಪಂದಕ್ಕೆ ರಿಯಾಯಿತಿ ಕೊಡುತ್ತೇವೆ ಅಂದರು. ಒಂದು ವರ್ಷಕ್ಕೆ ಮಾತ್ರ ಸಹಿ ಹಾಕಿದೆ. ಹೊಸಬರ ಮೊದಲ ಸಂಬಳವನ್ನು ಈಗಲೂ ನೋಟ್‌ಬುಕ್‌ನಲ್ಲಿ ಕೈಯಾರೆ ಲೆಕ್ಕ ಹಾಕುತ್ತೇನೆ. ಈ ತಿಂಗಳು ಇಬ್ಬರಿದ್ದರು. ಇಬ್ಬರದೂ ತಾಳೆಯಾಯಿತು.