ದಿಶಾಂಕ್ ಆ್ಯಪ್ ಮತ್ತು ಆರ್‌ಎಂಪಿ 2015 ನಕ್ಷೆ: ಸೈಟಿಗೆ ಮುಂಗಡ ಕೊಡುವ ಮುನ್ನ

ಬೆಂಗಳೂರಿನ ಅಂಚಿನಲ್ಲಿ ಸೈಟು ನೋಡಲು ಹೊರಟವರಿಗೆ ಎರಡು ವಿಷಯ ಗೊತ್ತಾಗಬೇಕು. ನಿಂತ ಜಾಗ ಯಾವ ಸರ್ವೆ ನಂಬರು? ಆ ನಂಬರಿನಲ್ಲಿ ಮನೆ ಕಟ್ಟಲು ಮಾಸ್ಟರ್ ಪ್ಲಾನ್ ಒಪ್ಪುತ್ತದೆಯೇ? ಮೊದಲನೆಯದನ್ನು ಭೂಮಾಪನ ಇಲಾಖೆಯ ದಿಶಾಂಕ್ ಹೇಳುತ್ತದೆ, ಎರಡನೆಯದನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಆರ್‌ಎಂಪಿ 2015, ಅಂದರೆ ಪರಿಷ್ಕೃತ ಮಾಸ್ಟರ್ ಪ್ಲಾನಿನ ನಕ್ಷೆ. ಒಂದನ್ನಷ್ಟೇ ನೋಡಿದವರಿಗೆ ಅರ್ಧ ಉತ್ತರ ಸಿಕ್ಕಂತೆ.

ದಿಶಾಂಕ್ ನಿಜಕ್ಕೂ ಒಳ್ಳೆಯ ಸಾಧನ, ಉಚಿತವೂ ಹೌದು. ಜಾಗದಲ್ಲಿ ನಿಂತು ತೆರೆದರೆ ಗ್ರಾಮ, ಹೋಬಳಿ, ತಾಲ್ಲೂಕಿನ ಜೊತೆ ಸರ್ವೆ ನಂಬರು ಬರುತ್ತದೆ, ಅಲ್ಲಿಂದಲೇ ಮಾಲೀಕರ ಹೆಸರಿಗೂ ಹೋಗಬಹುದು. ದಲ್ಲಾಳಿ ಹೇಳಿದ ನಂಬರು ಒಂದು, ಕಾಲ ಕೆಳಗಿನದು ಇನ್ನೊಂದಾಗಿದ್ದರೆ ಅಲ್ಲೇ ಬಯಲಾಗುತ್ತದೆ. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ಮಾಮೂಲು. 30x40 ಅಡಿ ಸೈಟಿನ ಅಗಲವೇ ಸುಮಾರು 9 ಮೀಟರ್. ಹಾಗಾಗಿ ನಾಲ್ಕೂ ಮೂಲೆ ಮತ್ತು ನಡುಭಾಗದಲ್ಲಿ ನಿಂತು ನೋಡಿ. ನಂಬರು ಬದಲಾಗುತ್ತಿದ್ದರೆ ನೀವು ಗಡಿಯ ಮೇಲಿದ್ದೀರಿ, ಅದನ್ನು ಸರ್ವೇಯರ್ ಅಳೆದೇ ಹೇಳಬೇಕು. ಪೋಡಿಯಾಗದ, ಅಂದರೆ ಪಾಲುಗಳನ್ನು ಅಳೆದು ಬೇರೆ ಬೇರೆ ನಂಬರು ಕೊಡದ ಜಮೀನಿನಲ್ಲಿ ಇನ್ನೂ ಎಚ್ಚರ ಬೇಕು. ಪಹಣಿಯಲ್ಲಿ ಹಲವರ ಹೆಸರು ಜಂಟಿಯಾಗಿದ್ದರೆ ಯಾರ ಪಾಲು ಯಾವ ಕಡೆ ಎಂದು ಯಾವ ಆ್ಯಪೂ ತೋರಿಸದು, ಮಾರುವ ಭಾಗವನ್ನು ಸರ್ವೇಯರ್ ಅಳೆದು ಗುರುತಿಸಿದ 11ಇ ನಕ್ಷೆಯನ್ನೇ ಕೇಳಿ. ಪಹಣಿಯ ಮೂರನೇ ಕಾಲಮ್ಮಿನಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು ಗುಂಟೆ ಎಂದು ನೋಡಿ. ಬಿ ಖರಾಬು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ಮಾರಲು ಬರುವುದಿಲ್ಲ.

ಆರ್‌ಎಂಪಿ ನಕ್ಷೆ ಓದಲು ತಾಳ್ಮೆ ಬೇಕು. 2007ರ ಜೂನ್‌ನಲ್ಲಿ ಮಂಜೂರಾದ ಈ ಯೋಜನೆಯಲ್ಲಿ 47 ಯೋಜನಾ ಜಿಲ್ಲೆಗಳಿವೆ. ನಿಮ್ಮದರ ಹಾಳೆ ಹುಡುಕಿ, ಗ್ರಾಮದ ಗಡಿ ಹಿಡಿದು, ಸಣ್ಣ ಅಕ್ಷರದ ಸರ್ವೆ ನಂಬರಿಗೆ ತಲುಪಬೇಕು. ಫೋನಿನಲ್ಲಿ ಕಣ್ಣು ನೋಯುತ್ತದೆ, ಕಂಪ್ಯೂಟರಿನಲ್ಲೇ ನೋಡಿ. ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ. ಕೃಷಿ ವಲಯ ಎಂದಿದ್ದರೆ ಕಂದಾಯ ರಸೀದಿ, ಕರೆಂಟು, ಬೋರ್‌ವೆಲ್ ಎಲ್ಲ ಇದ್ದರೂ ಬಡಾವಣೆಗೆ ಅನುಮೋದನೆ ಸಿಗದು. ವಲಯ ಬದಲಾಗಬೇಕಾದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನ ದಾರಿ ಇದೆ. ‘ಮುಂದೆ ಆಗುತ್ತೆ ಸಾರ್’ ಎಂಬ ಮಾತಿಗೆ ದುಡ್ಡು ಕೊಡಬೇಡಿ. ಸೈಟಿನ ಮುಂದಿನ ರಸ್ತೆಗೆ ಯೋಜನೆಯಲ್ಲಿ ಎಷ್ಟು ಅಗಲ ಇಟ್ಟಿದ್ದಾರೆ ಎಂದೂ ನೋಡಿ. ಅಗಲೀಕರಣಕ್ಕೆ ಹೋಗುವ ಅಡಿಗಳು ನಿಮ್ಮ ಅಳತೆಯಿಂದಲೇ ಹೋಗುತ್ತವೆ.

ಹೆಚ್ಚು ಜನ ಎಡವುವುದು ಬಫರಿನಲ್ಲಿ, ಅಂದರೆ ಕೆರೆ, ಕಾಲುವೆಯ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗದಲ್ಲಿ. ಈ ಯೋಜನೆಯಂತೆ ಕೆರೆಗೆ 30 ಮೀಟರ್. ಮಳೆನೀರು ಹರಿಯುವ ರಾಜಕಾಲುವೆಯಲ್ಲಿ ಪ್ರಾಥಮಿಕಕ್ಕೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್, ಅದೂ ಕಾಲುವೆಯ ನಡುಗೆರೆಯಿಂದ. ಕೆರೆಯ ಅಂಚು ಎಂದರೆ ಬೇಸಿಗೆಯಲ್ಲಿ ನೀರು ನಿಂತ ಜಾಗವಲ್ಲ, ಕಂದಾಯ ದಾಖಲೆಯ ಗಡಿ. ಒಣಗಿದ ಕೆರೆಯ ಪಕ್ಕ ದಿಶಾಂಕ್‌ನಲ್ಲಿ ಕೆರೆಯ ಸರ್ವೆ ನಂಬರು ಎಲ್ಲಿಗೆ ಮುಗಿಯುತ್ತದೆ ನೋಡಿದರೆ ಅಂದಾಜು ಸಿಗುತ್ತದೆ. ಕಾಲುವೆ ಮುಚ್ಚಿಹೋಗಿರುವ ಕಡೆ ಹಳೆಯ ಗ್ರಾಮ ನಕಾಶೆಯೇ ಗತಿ. ಕೆರೆಗೆ 75 ಮೀಟರ್ ಎಂದು ಈಗಲೂ ಹೇಳುವವರಿದ್ದಾರೆ. ಅದು ಹಸಿರು ನ್ಯಾಯಮಂಡಳಿಯ 2016ರ ಆದೇಶ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದು ಮಾಡಿತು.

ಆರ್‌ಎಂಪಿ 2015 ಬಿಡಿಎ ಯೋಜನಾ ಪ್ರದೇಶಕ್ಕಷ್ಟೇ ಅನ್ವಯ. ದೇವನಹಳ್ಳಿ, ಹೊಸಕೋಟೆ, ಆನೇಕಲ್, ನೆಲಮಂಗಲದ ಕಡೆ ಅಲ್ಲಿನ ಪ್ರಾಧಿಕಾರಗಳ ನಕ್ಷೆ ಬೇರೆ. ಕೊನೆಗೆ ಸರ್ವೆ ನಂಬರು ಬರೆದು ಪ್ರಾಧಿಕಾರದಿಂದಲೇ ಭೂ ಬಳಕೆ ಪ್ರಮಾಣಪತ್ರ ಪಡೆಯಿರಿ, ಬ್ಯಾಂಕಿಗೂ ಕೋರ್ಟಿಗೂ ಆ ಕಾಗದವೇ ಬೇಕು. ಯಾರಾದರೂ ‘2031’ ಎಂದು ಬರೆದ ಬಣ್ಣದ ನಕ್ಷೆ ತೋರಿಸಿ ನಿಮ್ಮ ಸೈಟು ಹಳದಿಯಲ್ಲಿದೆ ಎಂದರೆ, ಅದು ಮುಂದಿನ ಮಾಸ್ಟರ್ ಪ್ಲಾನಿನ 2017ರ ಕರಡು. ಸರ್ಕಾರ ಅದನ್ನು ಹಿಂತೆಗೆದುಕೊಂಡಿದೆ.