28 ಖಾನೆಯ ಮಾತ್ರೆ ಡಬ್ಬಿ: ವಯಸ್ಸಾದ ಅಪ್ಪ ಅಮ್ಮನಿಗೆ ಯಾವುದು ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ

ಕೆಲಸದ ನಡುವೆ ಫೋನ್ ಮಾಡಿ "ಮಧ್ಯಾಹ್ನದ ಮಾತ್ರೆ ಆಯ್ತಾ?" ಎಂದರೆ ಆ ಕಡೆಯಿಂದ "ಆಯ್ತು ಅನ್ಸುತ್ತೆ" ಎಂಬ ಉತ್ತರ ಬರುತ್ತದೆ. ಆ "ಅನ್ಸುತ್ತೆ" ಇಡೀ ಮಧ್ಯಾಹ್ನ ತಲೆಯಲ್ಲಿ ಕೊರೆಯುತ್ತಿರುತ್ತದೆ. ದಿನಕ್ಕೆ ನಾಲ್ಕು ಹೊತ್ತು, ವಾರಕ್ಕೆ ಏಳು ದಿನ ಎಂದು 28 ಖಾನೆ ಮಾಡಿದ ಮಾತ್ರೆ ಡಬ್ಬಿ ಈ ಒಂದು ಅನುಮಾನ ತೀರಿಸಲಿಕ್ಕೆ ಇರುವ ವಸ್ತು. ಖಾನೆ ಖಾಲಿಯಿದ್ದರೆ ಮಾತ್ರೆ ಹೊರಗೆ ಬಂದಿದೆ, ತುಂಬಿದ್ದರೆ ಬಂದಿಲ್ಲ. ಹಾಗಾಗಿ ಬಣ್ಣ, ಆ್ಯಪ್, ಅಲಾರಾಂ ಏನೇ ಇರಲಿ, ದೂರದಿಂದ ಒಮ್ಮೆ ನೋಡಿದರೆ ಉತ್ತರ ಸಿಗುತ್ತದೆಯೇ ಎಂಬುದರ ಮೇಲೆಯೇ ಇಲ್ಲಿ ಡಬ್ಬಿಯನ್ನು ಅಳೆದಿದ್ದೇವೆ. ಕೈಯಲ್ಲಿ ತುಂಬುವ ಸಾದಾ ಡಬ್ಬಿ ಮತ್ತು ಬೀಗವಿರುವ, ತಾನೇ ತಿರುಗುವ ಯಂತ್ರದ ಡಬ್ಬಿ, ಎರಡೂ ಈ ವಿಮರ್ಶೆಯಲ್ಲಿವೆ.

ಮೊದಲು ಸಾದಾ ಡಬ್ಬಿ. ಮುಚ್ಚಳ ಪಾರದರ್ಶಕವಾಗಿರಬೇಕು. ಬಣ್ಣದ ಮುಚ್ಚಳ ನೋಡಲು ಚೆಂದ, ಆದರೆ ಒಳಗೆ ಮಾತ್ರೆ ಇದೆಯೋ ಇಲ್ಲವೋ ತಿಳಿಯಲು ಪ್ರತಿ ಸಲ ತೆರೆದು ನೋಡಬೇಕಾಗುತ್ತದೆ. ಹೊತ್ತಿಗೊಂದು ಬಣ್ಣ ಕೊಟ್ಟು ಗುರುತಿಸುವ ಪದ್ಧತಿಯಲ್ಲೂ ತೊಡಕಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ, ಹಸಿರು, ನೇರಳೆ ಒಂದಕ್ಕೊಂದು ಬೆರೆತಂತೆ ಕಾಣುತ್ತವೆ. ಬಿಳಿಯ ಮೇಲೆ ದಪ್ಪ ಕಪ್ಪು ಅಕ್ಷರ, ಜೊತೆಗೆ ಸೂರ್ಯ ಮತ್ತು ಚಂದ್ರನ ಚಿತ್ರ ಇದ್ದರೆ ಒಳ್ಳೆಯದು. ಅಚ್ಚಾದ ಅಕ್ಷರ ಅಪ್ಪ ಅಮ್ಮ ಓದುವ ಲಿಪಿಯಲ್ಲಿ ಇಲ್ಲದಿದ್ದರೆ ಅದರ ಮೇಲೆ ಕಾಗದದ ಚೀಟಿ ಅಂಟಿಸಿ, ಮೇಲೊಂದು ಪಾರದರ್ಶಕ ಟೇಪು ಹಾಕಿ. ಬರೀ ಅಚ್ಚಿನ ಅಕ್ಷರ ಬೆರಳು ತಾಗಿ ತಾಗಿ ಕೆಲವು ತಿಂಗಳಲ್ಲಿ ಅಳಿಸಿಹೋಗುತ್ತದೆ.

ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಎರಡೇ. ಒಂದೆರಡು ಖಾನೆಗೆ ಮಾತ್ರೆ ಹಾಕಿ, ಮುಚ್ಚಿ, ತಲೆಕೆಳಗು ಮಾಡಿ ಅಲುಗಾಡಿಸಿ. ಅಗ್ಗದ ಡಬ್ಬಿಗಳಲ್ಲಿ ಒಂದು ಮುಚ್ಚಳ ತೆರೆದರೆ ಪಕ್ಕದ್ದೂ ಪಟ್ಟನೆ ಏಳುತ್ತದೆ, ನಾಳೆಯ ಮಾತ್ರೆ ಇವತ್ತಿನ ಜೊತೆ ಸೇರುತ್ತದೆ. ಎರಡನೆಯದು, ಅದನ್ನು ಬಳಸುವವರೇ ತೆರೆದು ನೋಡಬೇಕು. ಬೆರಳ ಗಂಟು ಊದಿದವರಿಗೆ ಉಗುರು ತೂರಿಸಿ ಎತ್ತುವ ಮುಚ್ಚಳ ಆಗುವುದಿಲ್ಲ. ಗುಂಡಿ ಒತ್ತಿದರೆ ತೆರೆಯುವಂಥದ್ದು, ಇಲ್ಲವೇ ಹೆಬ್ಬೆರಳಿಗೆ ಸಿಗುವಷ್ಟು ಉದ್ದನೆಯ ತುಟಿ ಇರುವಂಥದ್ದು ಬೇಕು. ಖಾನೆಯ ತಳ ಗುಂಡಗಿದ್ದರೆ ಮಾತ್ರೆ ಬೆರಳಿಗೆ ಜಾರಿ ಬರುತ್ತದೆ, ಚೌಕಾಕಾರದ್ದಾದರೆ ಅರ್ಧ ಮಾಡಿದ ಮಾತ್ರೆ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಯಾಲ್ಸಿಯಂ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಗಳು ದೊಡ್ಡವು. ಬೆಳಗ್ಗೆಯ ಖಾನೆಗೆ ಇವೆರಡರ ಜೊತೆ ಇನ್ನೂ ಮೂರ್ನಾಲ್ಕು ಹಿಡಿಸುತ್ತವೆಯೇ ಎಂದು ನೋಡಿಕೊಳ್ಳಿ.

ಒಂದೊಂದು ದಿನದ ನಾಲ್ಕು ಖಾನೆಯ ಪಟ್ಟಿ ಬೇರೆಯಾಗಿ ಹೊರಬರುವ ಮಾದರಿ ಹೊರಗೆ ಹೋಗುವವರಿಗೆ ಅನುಕೂಲ. ಆದರೆ ಮರೆವು ಶುರುವಾದವರ ಮನೆಗೆ ಅದು ಬೇಡ. ಗುರುವಾರದ ಪಟ್ಟಿ ಮಂಗಳವಾರದ ಜಾಗಕ್ಕೆ ಹೋಗಿ ಕೂತಿರುತ್ತದೆ, ಇಲ್ಲವೇ ಯಾವುದೋ ಚೀಲದ ತಳದಲ್ಲಿ ಉಳಿದಿರುತ್ತದೆ.

ಡಬ್ಬಿ ಎಷ್ಟೇ ಚೆನ್ನಾಗಿದ್ದರೂ ಕೆಡುವುದು ತುಂಬುವಾಗ. ಆರೇಳು ಔಷಧ ಇದ್ದರೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ದಿನದ ದುಡಿತ ಮುಗಿಸಿ, ರಾತ್ರಿ ತೂಕಡಿಸುತ್ತ, ಪಕ್ಕದಲ್ಲಿ ಟಿವಿ ಹಾಕಿಕೊಂಡು ತುಂಬಿದ ಡಬ್ಬಿಯನ್ನು ನಂಬಬೇಡಿ; ವಾರದಲ್ಲಿ ಒಂದು ಬೆಳಗಿನ ಹೊತ್ತು ಗೊತ್ತು ಮಾಡಿಕೊಳ್ಳಿ. ವೈದ್ಯರ ಇತ್ತೀಚಿನ ಚೀಟಿಯನ್ನು ಎದುರಿಗೆ ಇಟ್ಟುಕೊಳ್ಳಿ, ಹಳೆಯ ಚೀಟಿಗಳನ್ನು ಆ ಮೇಜಿನಿಂದಲೇ ತೆಗೆಯಿರಿ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಒಂದು ಔಷಧ ಎತ್ತಿಕೊಂಡರೆ ಅದನ್ನು ಏಳೂ ದಿನಕ್ಕೆ ಹಾಕಿ ಮುಗಿಸಿ, ಅದರ ಪೊಟ್ಟಣವನ್ನು ಮೇಜಿನ ಇನ್ನೊಂದು ಬದಿಗೆ ಸರಿಸಿದ ಮೇಲೆಯೇ ಮುಂದಿನದನ್ನು ಮುಟ್ಟಿ. ಸೋಮವಾರದ್ದೆಲ್ಲ ಹಾಕಿ ಆಮೇಲೆ ಮಂಗಳವಾರ ಎಂದು ಹೋದರೆ ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿಯೇ ತಪ್ಪುತ್ತದೆ. ಕೊನೆಗೆ "ಬೆಳಗ್ಗೆ 5, ಮಧ್ಯಾಹ್ನ 1, ಸಂಜೆ 2, ರಾತ್ರಿ 3" ಎಂಬಂತೆ ಬರೆದಿಟ್ಟ ಲೆಕ್ಕಕ್ಕೆ ಪ್ರತಿ ಖಾನೆಯನ್ನೂ ಎಣಿಸಿ. ತುಂಬಿದ ಡಬ್ಬಿಯ ಒಂದು ಫೋಟೊ ತೆಗೆದು ಅಣ್ಣತಮ್ಮ ಅಕ್ಕತಂಗಿಯರಿಗೆ ಕಳಿಸಿದರೆ, ಮುಂದಿನ ವಾರ ಬೇರೆಯವರು ತುಂಬುವಾಗ ಹೋಲಿಸಿ ನೋಡಬಹುದು. ಈ ಕೆಲಸ ಒಬ್ಬರ ಹೆಗಲಿಗೇ ಬೀಳದಿರಲು ಇದೇ ಸುಲಭದ ದಾರಿ.

ತುಂಬುವಾಗ ಬ್ರಾಂಡಿನ ಹೆಸರಿನ ಜೊತೆಗಿರುವ ಔಷಧದ ಮೂಲ ಹೆಸರನ್ನೂ ಓದಲೇಬೇಕು. ಹೃದಯಕ್ಕೆ ಒಬ್ಬ ವೈದ್ಯರು, ಸಕ್ಕರೆಗೆ ಇನ್ನೊಬ್ಬರು ಬರೆದಾಗ ಬಿಪಿಯ ಒಂದೇ ಔಷಧ ಎರಡು ಬೇರೆ ಬ್ರಾಂಡಿನ ಹೆಸರಲ್ಲಿ ಮನೆಗೆ ಬಂದಿರುತ್ತದೆ. ಎರಡನ್ನೂ ಹಾಕಿದರೆ ಬಿಪಿ ನೆಲಕಚ್ಚಿ, ಎದ್ದು ನಿಂತ ಕೂಡಲೇ ತಲೆ ಸುತ್ತಿ ಬೀಳುತ್ತಾರೆ. ಪೊಟ್ಟಣದಿಂದ ಬಿಡಿಸದೆ, ಹಾಳೆಯನ್ನೇ ಚೌಕವಾಗಿ ಕತ್ತರಿಸಿ ಖಾನೆಗೆ ಹಾಕುವ ರೂಢಿಯೂ ಅಪಾಯದ್ದು. ಕಣ್ಣು ಮಂಜಾದವರು ಅದನ್ನು ಹಾಗೆಯೇ ನುಂಗುತ್ತಾರೆ, ಚೂಪಾದ ಅಂಚು ಅನ್ನನಾಳವನ್ನು ಗೀರುತ್ತದೆ.

ಹಾಗೆಂದು ಎಲ್ಲವನ್ನೂ ಬಿಡಿಸಿ ಹಾಕುವಂತೆಯೂ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಾಬಿಗಾಟ್ರಾನ್ ಕ್ಯಾಪ್ಸೂಲು ತೇವ ತಾಗಿದರೆ ಕೆಡುತ್ತದೆ, ಅದು ತನ್ನ ಮೂಲ ಪೊಟ್ಟಣದಲ್ಲೇ ಇರಬೇಕು. ಫಿಟ್ಸಿಗೆ ಕೊಡುವ ಸೋಡಿಯಂ ವಾಲ್‌ಪ್ರೊಯೇಟ್ ಕೂಡ ತೇವ ಹೀರುತ್ತದೆ. ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ನೈಟ್ರೊಗ್ಲಿಸರಿನ್ ಮಾತ್ರೆ ಅದರ ಗಾಜಿನ ಶೀಷೆ ಬಿಟ್ಟು ಬಂದರೆ ಶಕ್ತಿ ಕಳೆದುಕೊಳ್ಳುತ್ತದೆ, ಬೇಕಾದ ಗಳಿಗೆಯಲ್ಲಿ ಕೈಕೊಡುತ್ತದೆ. ಬಾಯಲ್ಲಿ ಕರಗುವ, ನೀರಲ್ಲಿ ನೊರೆ ಬರುವ ಮಾತ್ರೆಗಳಿಗೂ ಡಬ್ಬಿ ಬೇಡ. ನೋವಿದ್ದಾಗ ಮಾತ್ರ ತೆಗೆದುಕೊಳ್ಳುವಂಥದ್ದನ್ನೂ ಹಾಕಬೇಡಿ. ಡಬ್ಬಿಯಲ್ಲಿದ್ದರೆ ನೋವಿಲ್ಲದ ದಿನವೂ ನುಂಗುತ್ತಾರೆ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಕೀಲುವಾತಕ್ಕೆ ವಾರಕ್ಕೆ ಒಂದೇ ದಿನ ಕೊಡುವ ಮೆಥೊಟ್ರೆಕ್ಸೇಟ್ ಬಗ್ಗೆ. ಕೈತಪ್ಪಿ ಪ್ರತಿದಿನದ ಖಾನೆಗೆ ಬಿದ್ದರೆ ಮೂಳೆಮಜ್ಜೆ ಕುಸಿದು ಜೀವಕ್ಕೇ ಕುತ್ತು. ಅದನ್ನು ಬೇರೆ ಕಡೆ, ಕೊಡಬೇಕಾದ ದಿನದ ಹೆಸರು ಬರೆದು ಇಟ್ಟು, ಇನ್ನೊಬ್ಬರು ಕೈಯಾರೆ ಕೊಡಬೇಕು.

ನಾಲ್ಕು ಹೊತ್ತಿನ ಡಬ್ಬಿಯ ಲೆಕ್ಕಕ್ಕೆ ಒಗ್ಗದವೂ ಇವೆ. ಥೈರಾಯ್ಡಿನ ಮಾತ್ರೆ ಖಾಲಿ ಹೊಟ್ಟೆಗೆ, ತಿಂಡಿಗೆ 30ರಿಂದ 60 ನಿಮಿಷ ಮೊದಲು. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು. "ಬೆಳಗ್ಗೆ" ಎಂಬ ಒಂದೇ ಖಾನೆಗೆ ಎರಡನ್ನೂ ಹಾಕಿದರೆ ಥೈರಾಯ್ಡಿನ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೂಳೆ ಗಟ್ಟಿಗೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ನುಂಗಿ ತುಂಬು ಲೋಟ ನೀರು ಕುಡಿದು ಅರ್ಧ ಗಂಟೆ ನೆಟ್ಟಗೆ ಕೂರಬೇಕು, ಮಲಗಬಾರದು. ಪಾರ್ಕಿನ್ಸನ್ ಕಾಯಿಲೆಯ ಲೆವೊಡೋಪಾಗೆ ಗಡಿಯಾರದ ಸಮಯವೇ ಮುಖ್ಯ. ಅರ್ಧ ಗಂಟೆ ಹೆಚ್ಚುಕಡಿಮೆಯಾದರೂ ಕೆಲವರಿಗೆ ಕೈಕಾಲು ಬಿಗಿದುಬಿಡುತ್ತದೆ. ಇಂಥವರಿಗೆ ಅಲಾರಾಂ ಇರುವ ಡಬ್ಬಿಯೇ ಬೇಕು.

ಇನ್ನು ಈ ಡಬ್ಬಿ ನಿಜವಾಗಿ ಬೆಲೆ ತರುವ ಜಾಗಕ್ಕೆ ಬರೋಣ. ಬಹಳ ಮನೆಗಳಲ್ಲಿ ವಾರದ ಕೊನೆಗೆ ಉಳಿದ ಮಾತ್ರೆ ನೋಡಿ ಸಿಟ್ಟು ಬರುತ್ತದೆ, "ಇಷ್ಟು ಹೇಳಿದರೂ" ಎಂದು ಮಾತು ಶುರುವಾಗುತ್ತದೆ. ಉಳಿದದ್ದನ್ನು ದಯವಿಟ್ಟು ಬಿಸಾಡುವ ಮೊದಲು ಓದಿ. ಬರೀ ಮಧ್ಯಾಹ್ನದ ಖಾನೆ ಉಳಿದಿದ್ದರೆ ಆ ಹೊತ್ತಿಗೆ ಅವರು ನಿದ್ದೆಯಲ್ಲಿರಬಹುದು. ಆ ಮಾತ್ರೆಯನ್ನು ಬೇರೆ ಹೊತ್ತಿಗೆ ಸರಿಸಬಹುದೇ ಎಂದು ವೈದ್ಯರನ್ನು ಕೇಳಿ. ಖಾನೆಯಲ್ಲಿ ದೊಡ್ಡ ಮಾತ್ರೆ ಒಂದೇ ಉಳಿದಿದ್ದರೆ ನುಂಗಲು ಕಷ್ಟವಾಗುತ್ತಿರಬಹುದು. ಅದನ್ನೂ ಹೇಳಿ, ಆದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ನೀವೇ ಪುಡಿ ಮಾಡಬೇಡಿ, ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಮಾತ್ರ ಆರಿಸಿ ಬಿಟ್ಟಿದ್ದರೆ ಬಚ್ಚಲಿಗೆ ಓಡಬೇಕಾದ ಭಯ ಅದರ ಹಿಂದಿರಬಹುದು, ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ಅದು ಸಂಜೆಯ ಖಾನೆಯಲ್ಲಿದ್ದರೆ ರಾತ್ರಿ ಎದ್ದೆದ್ದು ಹೋಗುವಾಗ ಬೀಳುವ ಅಪಾಯವೂ ಇದೆ. ಉಳಿದದ್ದರ ಲೆಕ್ಕವನ್ನು ವೈದ್ಯರ ಬಳಿ ಒಯ್ಯದಿದ್ದರೆ ಇನ್ನೊಂದು ತೊಂದರೆ: ಬಿಪಿ ಏರಿದ್ದು ನೋಡಿ, ಮಾತ್ರೆ ತಪ್ಪಿದ್ದು ಗೊತ್ತಿಲ್ಲದೆ ಅವರು ಪ್ರಮಾಣ ಏರಿಸುತ್ತಾರೆ. ಆಮೇಲೆ ಮನೆಯಲ್ಲಿ ಸರಿಯಾಗಿ ಕೊಟ್ಟ ದಿನ ಅದು ವಿಪರೀತವಾಗುತ್ತದೆ. ತಪ್ಪಿದ ಹೊತ್ತಿನದನ್ನು ಮುಂದಿನ ಹೊತ್ತಿಗೆ ಸೇರಿಸಿ ಎರಡು ಕೊಡಬೇಡಿ. ಯಾವುದು ತಪ್ಪಿದರೆ ಏನು ಮಾಡಬೇಕೆಂದು ಮೊದಲೇ ಕೇಳಿ ಡಬ್ಬಿಯ ಕೆಳಗೆ ಬರೆದಿಡಿ.

ಸಾದಾ ಡಬ್ಬಿ ಸೋಲುವುದು, ತೆಗೆದುಕೊಂಡದ್ದನ್ನೇ ಮರೆತು ಮತ್ತೆ ತೆಗೆದುಕೊಳ್ಳಲು ಶುರು ಮಾಡಿದಾಗ. ಇವತ್ತು ಯಾವ ವಾರ ಎಂಬುದೇ ಗೊತ್ತಾಗದವರ ಕೈಗೆ ಏಳು ದಿನದ ಮಾತ್ರೆ ಒಟ್ಟಿಗೆ ಕೊಟ್ಟಂತಾಗುತ್ತದೆ. ನಾಳೆಯ ಖಾನೆ ಇವತ್ತೇ ಖಾಲಿಯಾಗಿದ್ದು ಒಮ್ಮೆ ಕಂಡರೂ ಸಾಕು, ಬೀಗದ ಯಂತ್ರಕ್ಕೆ ಬದಲಾಯಿಸಿ. ಇದರಲ್ಲಿ 28 ಖಾನೆಯ ದುಂಡನೆಯ ತಟ್ಟೆ ಇರುತ್ತದೆ. ಹೊತ್ತಾದಾಗ ತಿರುಗಿ ಒಂದು ಖಾನೆಯನ್ನು ಮಾತ್ರ ಡಬ್ಬಿಯ ಬಾಯಿಗೆ ತರುತ್ತದೆ, ಸದ್ದು ಮಾಡುತ್ತದೆ, ಡಬ್ಬಿಯನ್ನು ಬಗ್ಗಿಸಿದರೆ ಮಾತ್ರೆ ಬೀಳುತ್ತದೆ. ಗೊತ್ತು ಮಾಡಿದ ಸಮಯದೊಳಗೆ ತೆಗೆಯದಿದ್ದರೆ ಮತ್ತೆ ಒಳಗೆ ಬೀಗ ಹಾಕಿಕೊಳ್ಳುವ ಮಾದರಿಯನ್ನೇ ಆರಿಸಿ. ದಿನಕ್ಕೆ ನಾಲ್ಕು ಹೊತ್ತಿದ್ದರೆ ತಟ್ಟೆ ಒಂದು ವಾರ, ಎರಡಿದ್ದರೆ ಎರಡು ವಾರ ಬರುತ್ತದೆ.

ಇದರ ಕೊರತೆಗಳನ್ನೂ ಹೇಳಬೇಕು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನು, ಎಷ್ಟೋ ಯಂತ್ರಗಳು ಹೊರಡಿಸುವುದೂ ಅದನ್ನೇ. ತಗ್ಗಿದ ಸ್ವರ ಆರಿಸಿಕೊಳ್ಳಲು ಬರಬೇಕು, ಜೊತೆಗೆ ಮಿಣುಕುವ ದೀಪ ಇರಬೇಕು. ಸದ್ದು ಎರಡು ನಿಮಿಷಕ್ಕೆ ನಿಲ್ಲುವಂತಿದ್ದರೆ ಅದನ್ನು ಹಿಡಿಯಲು ಧಾವಿಸಿ ಬೀಳುತ್ತಾರೆ, ಕನಿಷ್ಠ 30 ನಿಮಿಷಕ್ಕೆ ಹೊಂದಿಸಿ. ಬಗ್ಗಿಸಲು ಮಣಿಕಟ್ಟಿನಲ್ಲಿ ಬಲ ಬೇಕು, ಇಲ್ಲದವರಿಗೆ ಓಲಾಡುವ ಸ್ಟ್ಯಾಂಡ್ ಬರುವ ಮಾದರಿ ಇದೆ. ತಟ್ಟೆಯನ್ನು ಒಂದು ಖಾನೆ ಆಚೀಚೆ ಕೂರಿಸಿದರೆ ವಾರ ಪೂರ್ತಿ ರಾತ್ರಿಯದು ಬೆಳಗ್ಗೆ ಬರುತ್ತದೆ, ಹಾಗಾಗಿ ತುಂಬಿದ ಮೇಲೆ ಮೊದಲ ಹೊತ್ತಿನದು ಬೀಳುವವರೆಗೆ ಅಲ್ಲೇ ಇರಿ. ಬ್ಯಾಟರಿಗೆ ದಿನಾಂಕ ಬರೆದು ಅಂಟಿಸಿ. ಫೋನಿಗೆ ಬರುವ "ತೆಗೆದುಕೊಂಡರು" ಎಂಬ ಸಂದೇಶದ ಅರ್ಥ ಡಬ್ಬಿ ಬಗ್ಗಿತು ಎಂದಷ್ಟೇ. ಮಾತ್ರೆ ಗಂಟಲಿಳಿಯಿತೋ, ದಿಂಬಿನ ಕೆಳಗೆ ಹೋಯಿತೋ ಅದಕ್ಕೆ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಹಾಸಿಗೆ, ಕುರ್ಚಿಯ ಸಂದು, ಜೇಬು ನೋಡಿ. ಆ ಸಂದೇಶ ಮನೆಯ ಎಲ್ಲರಿಗೂ ಹೋಗುವಂತೆ ಮಾಡಿದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆಂದು ಎಲ್ಲರೂ ಬಿಡುತ್ತಾರೆ. ದಿನಕ್ಕೆ ಒಬ್ಬರ ಹೆಸರಿಗೆ ಇರಲಿ, ಅದೂ ಹೊತ್ತು ಮೀರಿದ 45 ನಿಮಿಷದ ನಂತರ ಬರಲಿ. ಕೆಲಸದಲ್ಲಿರುವವರ ಎದೆ ಪ್ರತಿ ಸದ್ದಿಗೂ ಹಾರುತ್ತಿದ್ದರೆ ಈ ಯಂತ್ರದಿಂದ ಉಪಕಾರವೇನೂ ಆಗಲಿಲ್ಲ.

ಬೀಗ ಹಾಕುವಾಗ ಅವರಿಗೆ ಹೇಳಿ ಹಾಕಿ. ಜೀವಮಾನವಿಡೀ ಮನೆ ನಡೆಸಿದವರಿಗೆ ಅವರ ಮಾತ್ರೆಯೇ ಕೈಗೆ ಸಿಗದಂತೆ ಮಾಡುವುದು ಅವಮಾನವಾಗಿ ತಟ್ಟುತ್ತದೆ. ಸಾದಾ ಡಬ್ಬಿಯನ್ನು ಅವರೇ ತುಂಬಬಲ್ಲರಾದರೆ ತುಂಬಲಿ, ನೀವು ಪಕ್ಕದಲ್ಲಿ ಕೂತು ಎಣಿಸಿ. ಡಬ್ಬಿಯನ್ನು ಊಟದ ಮೇಜಿನಂಥ ಕಣ್ಣಿಗೆ ಬೀಳುವ ಕಡೆ ಇಡಿ; ಬಚ್ಚಲ ತೇವ, ಒಲೆಯ ಬಿಸಿ, ಕಿಟಕಿಯ ಬಿಸಿಲು ಬೇಡ. ಇವು ಮಕ್ಕಳು ತೆರೆಯಲಾಗದ ಡಬ್ಬಿಗಳಲ್ಲ, ಮೊಮ್ಮಕ್ಕಳು ಬರುವ ದಿನ ಮೇಲಿನ ಕಪಾಟಿಗೆ ಹೋಗಲಿ. ತಿಂಗಳಿಗೊಮ್ಮೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿದ ಮೇಲೆ ಮತ್ತೆ ತುಂಬಿ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ದಿನ ಹಳೆಯ ಡಬ್ಬಿಯಿಂದ ಒಂದು ಮಾತ್ರೆಯನ್ನೂ ಕೊಡಬೇಡಿ. 28 ಖಾನೆಯನ್ನೂ ಖಾಲಿ ಮಾಡಿ, ಹೊಸ ಚೀಟಿ ಎದುರಿಟ್ಟುಕೊಂಡು ಮೊದಲಿನಿಂದ ತುಂಬಿ.