ಹಳೆ ಟೈಲ್ ಮೇಲೆ ಹೊಸ ಟೈಲ್: ಅಡ್ಹೆಸಿವ್ ಚೀಲ ಎಲ್ಲಿ ಕೊಳ್ಳಬೇಕು, ಎಲ್ಲಿ ಬೇಡ

ಹಳೆ ಫ್ಲ್ಯಾಟ್ ಕೊಂಡು, ರಿಪೇರಿ ಮಾಡಿಸಿ ಮಾರುವವರಲ್ಲಿ ಬಹಳಷ್ಟು ಜನಕ್ಕೆ ಹಗಲೆಲ್ಲ ಆಫೀಸ್ ಇರುತ್ತದೆ. ಹಳೆ ನೆಲ ಕೀಳದೆ ಅದರ ಮೇಲೇ ಹೊಸ ಟೈಲ್ ಅಂಟಿಸುವ ‘ಟೈಲ್ ಆನ್ ಟೈಲ್’ ಅಡ್ಹೆಸಿವ್ ಹೆಚ್ಚು ಒದಗುವುದು ಅಂಥವರಿಗೇ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಹಾಲ್, ಬೆಡ್‌ರೂಮ್, ಅಡುಗೆಮನೆ ನೆಲಕ್ಕೆ ಧಾರಾಳವಾಗಿ ಬಳಸಿ. ಬಾತ್‌ರೂಮ್ ನೆಲಕ್ಕೆ ಬೇಡ.

ಇದರ ಲಾಭ ಸಾಮಾನಿನ ಬೆಲೆಯಲ್ಲಿಲ್ಲ. ಸಿಮೆಂಟು, ಎಂ-ಸ್ಯಾಂಡಿಗಿಂತ ಚೀಲದ ಅಡ್ಹೆಸಿವ್ ದುಬಾರಿಯೇ. ಲಾಭ ಇರುವುದು ದಿನಗಳಲ್ಲಿ. 700 ಚದರಡಿ ನೆಲದ ಟೈಲನ್ನು ಅಡಿಯ ಎರಡಿಂಚು ಗಾರೆ ಸಮೇತ ಕಿತ್ತರೆ ಏಳೆಂಟು ಟನ್ ಡೆಬ್ರಿ ಬರುತ್ತದೆ. ಅದನ್ನು ಮೂಟೆ ಕಟ್ಟಿ ಮೆಟ್ಟಿಲಲ್ಲಿ ಇಳಿಸಬೇಕು. ಲಿಫ್ಟಿಗೆ ಎಷ್ಟೋ ಅಸೋಸಿಯೇಷನ್‌ಗಳು ಒಪ್ಪುವುದಿಲ್ಲ. ಒಡೆಯುವ ಸದ್ದಿಗೂ ವಾರದ ದಿನಗಳ ಹಗಲು ಹೊತ್ತಷ್ಟೇ ಅನುಮತಿ, ಅಂದರೆ ನೀವು ಆಫೀಸಿನಲ್ಲಿರುವ ಹೊತ್ತು. 50 ಲಕ್ಷ ಸಾಲಕ್ಕೆ ಶೇ 8.5ರ ಬಡ್ಡಿ ಹಿಡಿದರೆ ದಿನಕ್ಕೆ ಸುಮಾರು 1,165 ರೂಪಾಯಿ. ಕೀಳುವುದು, ಸಾಗಿಸುವುದು, ಹೊಸ ಗಾರೆ ಹಾಕಿ ಒಣಗಿಸುವುದು ತಪ್ಪಿ ಹತ್ತು ದಿನ ಉಳಿದರೆ ಅಡ್ಹೆಸಿವ್‌ಗೆ ಕೊಟ್ಟ ಹೆಚ್ಚುವರಿ ದುಡ್ಡಿನ ಒಳ್ಳೆ ಪಾಲು ಬಡ್ಡಿಯಲ್ಲೇ ವಾಪಸ್ಸು ಬಂತು.

ರಾಫ್, ಎಂವೈಕೆ ಲ್ಯಾಟಿಕ್ರೀಟ್, ಇನ್ನೂ ಹತ್ತಾರು ಹೆಸರು ಅಂಗಡಿಯಲ್ಲಿವೆ. ಹೆಸರಿಗಿಂತ ಗ್ರೇಡ್ ಮುಖ್ಯ. ಚೀಲದ ಮೇಲೆ ಭಾರತೀಯ ಮಾನದಂಡ ಐಎಸ್ 15477 ಇರುತ್ತದೆ, ಜೊತೆಗೆ ಯುರೋಪಿನ ಗುರುತೂ ಇರಬಹುದು. ‘ಸಿ2ಟಿಇ’ ಎಂದಿದ್ದರೆ ಸಿಮೆಂಟ್ ಆಧಾರಿತ, ಚದರ ಮಿಲಿಮೀಟರಿಗೆ ಕನಿಷ್ಠ 1 ನ್ಯೂಟನ್ ಹಿಡಿತ, ಗೋಡೆಯಲ್ಲಿ ಜಾರದು, ಹರಡಿದ ಮೇಲೂ ಅರ್ಧ ಗಂಟೆ ಅಂಟುವ ಗುಣ ಉಳಿದಿರುತ್ತದೆ ಎಂದರ್ಥ. ‘ಸಿ1’ಗೆ ಹಿಡಿತ ಅದರ ಅರ್ಧ. ಅಂಗಡಿಯವರು ಸಾಮಾನ್ಯವಾಗಿ ಮುಂದಿಡುವುದು ಅಗ್ಗದ ಈ ಸಿ1 ಗ್ರೇಡು. ಹೊಸ ಗಾರೆ ಮೇಲೆ ಸಣ್ಣ ಸೆರಾಮಿಕ್ ಟೈಲಿಗೆ ಅದು ಸಾಕು, ಇಲ್ಲಿಗೆ ಸಾಲದು. ಕೆಳಗಿರುವುದು ನೀರೇ ಹೀರದ ಹಳೆ ಟೈಲ್, ಮೇಲೆ ಬರುವುದು ಶೇ 0.5ಕ್ಕಿಂತ ಹೆಚ್ಚು ನೀರು ಹೀರದ ವಿಟ್ರಿಫೈಡ್ ಟೈಲ್. ನಡುವಿನ ಅಂಟಿಗೆ ಎರಡೂ ಕಡೆ ಬೇರು ಬಿಡಲು ಜಾಗವಿಲ್ಲ. ‘ಟೈಲ್ ಮೇಲೆ ಟೈಲ್‌ಗೆ ಯೋಗ್ಯ’ ಎಂದು ಚೀಲದಲ್ಲೇ ಅಚ್ಚಾಗಿರಬೇಕು, ಅಂಗಡಿಯವರ ಬಾಯಿಮಾತು ಲೆಕ್ಕಕ್ಕಿಲ್ಲ. ತಯಾರಾದ ತಿಂಗಳನ್ನೂ ನೋಡಿ. ಗಂಟು ಕಟ್ಟಿದ ಪುಡಿ ಬಂದರೆ ಅಲ್ಲೇ ವಾಪಸ್ ಮಾಡಿ.

ಎಷ್ಟು ಚೀಲ ಎಂಬಲ್ಲಿ ಕರಪತ್ರ ನಂಬಬೇಡಿ. ಅದರಲ್ಲಿ ಹಾಕುವುದು ತೆಳು ಪದರದ ಲೆಕ್ಕ. ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದೂವರೆ ಕಿಲೋ ಪುಡಿ ಬೇಕು. 3 ಮಿ.ಮೀ. ಪದರವಾದರೆ 20 ಕಿಲೋ ಚೀಲ 48 ಚದರಡಿಗೆ ಬರುತ್ತದೆ. ಆದರೆ 2 ಅಡಿ × 4 ಅಡಿ ಟೈಲಿಗೆ ನೆಲಕ್ಕೂ ಟೈಲಿನ ಬೆನ್ನಿಗೂ ಹಚ್ಚಬೇಕು, ಪದರ 5 ಮಿ.ಮೀ. ಆಗುತ್ತದೆ, ಆಗ ಒಂದು ಚೀಲಕ್ಕೆ 28–30 ಚದರಡಿ ಅಷ್ಟೇ. 700 ಚದರಡಿಗೆ 15 ಚೀಲವಲ್ಲ, 24–25. ಚೀಲದ ದರವನ್ನು ಮೂವತ್ತರಿಂದ ಭಾಗಿಸಿದರೆ ಚದರಡಿಯ ನಿಜವಾದ ಖರ್ಚು ಸಿಗುತ್ತದೆ.

ಕೊಳ್ಳುವ ಮೊದಲೇ ಹಳೆ ನೆಲವನ್ನು ನಾಣ್ಯದಿಂದಲೋ ಮರದ ಕೋಲಿನಿಂದಲೋ ಒಂದೊಂದೇ ಟೈಲ್ ಬಡಿದು ನೋಡಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಅಲ್ಲಲ್ಲಿ ಒಂದೆರಡಿದ್ದರೆ ಅಷ್ಟನ್ನೇ ಕಿತ್ತು ಗಾರೆ ತುಂಬಿ ಒಣಗಿಸಿದರಾಯಿತು. ಏಳೆಂಟಕ್ಕೆ ಒಂದು ಟೊಳ್ಳಾಗಿದ್ದರೆ ಈ ಸಾಮಾನು ಮರೆತು ಪೂರ್ತಿ ಕೀಳಿಸಿ. ಹೊಸ ಟೈಲ್ ಗಟ್ಟಿಯಾಗಿ ಅಂಟಿದರೂ ಹಳೆಯದರ ಸಮೇತ ಎದ್ದು ಬರುತ್ತದೆ. ನೆಲಮಹಡಿಯಲ್ಲಿ ಸಂದುಗಳಲ್ಲಿ ಬಿಳಿ ಉಪ್ಪು ಬಿಟ್ಟಿದ್ದರೆ ಕೆಳಗಿನಿಂದ ತೇವ ಏರುತ್ತಿದೆ, ಮೊದಲು ಅದಕ್ಕೆ ಪರಿಹಾರ ಆಗಬೇಕು. ಹಳೆ ಮೊಸಾಯಿಕ್ ಆಗಿದ್ದರೆ ವರ್ಷಗಟ್ಟಲೆ ಹಚ್ಚಿದ ವ್ಯಾಕ್ಸ್ ಪಾಲಿಷ್ ಇರುತ್ತದೆ, ಗ್ರೈಂಡರ್‌ನಲ್ಲಿ ಮೇಲ್ಮೈ ತರಚದೆ ಹಿಡಿಯುವುದಿಲ್ಲ. ಅಂದಹಾಗೆ, ಚೆನ್ನಾಗಿ ಉಳಿದಿರುವ ರೆಡ್ ಆಕ್ಸೈಡ್ ನೆಲ ಸಿಕ್ಕಿದರೆ ದಯವಿಟ್ಟು ಮುಚ್ಚಬೇಡಿ, ಅದನ್ನೇ ಹುಡುಕಿ ಬರುವ ಗಿರಾಕಿಗಳಿದ್ದಾರೆ.

ದೂರುಗಳಲ್ಲಿ ಹೆಚ್ಚಿನವು ಚೀಲದ ತಪ್ಪಲ್ಲ, ಕಲಸುವ, ಹಚ್ಚುವ ಕೈಯದು. ಬಕೆಟ್ಟಿಗೆ ಮೊದಲು ಚೀಲದಲ್ಲಿ ಹೇಳಿದಷ್ಟು ನೀರು ಅಳೆದು ಹಾಕಿ, ಮೇಲೆ ಪುಡಿ ಸುರಿದು, ನಿಧಾನವಾಗಿ ತಿರುಗುವ ಡ್ರಿಲ್‌ಗೆ ಮಿಕ್ಸರ್ ಕಡ್ಡಿ ಸಿಕ್ಕಿಸಿ ಕಲಸಬೇಕು. ಐದರಿಂದ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಕಲಸಬೇಕು. ಗಟ್ಟಿಯಾಗುತ್ತಿದ್ದರೆ ನೀರು ಬೆರೆಸಿ ಜೀವ ತರುವುದು ಮೇಸ್ತ್ರಿಗಳ ಹಳೆ ಅಭ್ಯಾಸ. ಗಾರೆಗೆ ಅದು ನಡೆದೀತು, ಇಲ್ಲಿ ಹಿಡಿತವೇ ಹೋಗುತ್ತದೆ, ಗಟ್ಟಿಯಾದದ್ದನ್ನು ಎಸೆಯಬೇಕು. ಇನ್ನೊಂದು ಅಭ್ಯಾಸ ಇದಕ್ಕಿಂತ ಕೆಟ್ಟದ್ದು: ಟೈಲಿನ ನಾಲ್ಕು ಮೂಲೆಗೂ ನಡುವಿಗೂ ರಾಗಿ ಮುದ್ದೆ ಹಾಗೆ ಉಂಡೆ ಇಟ್ಟು ಒತ್ತುವುದು. ಉಂಡೆಗಳ ನಡುವೆ ಗಾಳಿ ಉಳಿದು, ಮಂಚದ ಕಾಲೋ ಬೀರುವೋ ಅಲ್ಲಿ ಬಂದು ಕೂತ ದಿನ ಟೈಲ್ ಸೀಳುತ್ತದೆ. ಹಲ್ಲಿರುವ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ ಎಳೆಯಬೇಕು. ಟೈಲಿನ ಬೆನ್ನಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ತೆಳುವಾಗಿ ಅಂಟು ಬಳಿದು ಕೂರಿಸಬೇಕು. ವಿಟ್ರಿಫೈಡ್ ಟೈಲನ್ನು ನೀರಲ್ಲಿ ನೆನೆಸುವ ಅಗತ್ಯವಿಲ್ಲ. ಫ್ಯಾನ್ ಆರಿಸಿರಲಿ, ಇಲ್ಲವಾದರೆ ಹರಡಿದ ಅಂಟಿನ ಮೇಲೆ ಕೆನೆ ಕಟ್ಟುತ್ತದೆ. ಬೆರಳಿಟ್ಟಾಗ ಅಂಟು ಬೆರಳಿಗೆ ಹತ್ತದಿದ್ದರೆ ಕೆರೆದು ತೆಗೆದು ಹೊಸದು ಹಚ್ಚಿಸಿ. 2 ಮಿ.ಮೀ. ಸಂದು ಬಿಡಿ, 24 ಗಂಟೆ ಯಾರೂ ತುಳಿಯಬಾರದು, ಆಮೇಲೆ ಸಂದು ತುಂಬುವ ಗ್ರೌಟ್.

ಇಬ್ಬರು ಕೆಲಸದವರು ದಿನಕ್ಕೆ 100–150 ಚದರಡಿ ಹಾಕುತ್ತಾರೆ. ಮೊದಲ ರೂಮನ್ನು ಶನಿವಾರಕ್ಕೆ ಇಟ್ಟುಕೊಳ್ಳಿ, ನೀವು ಅಲ್ಲಿರಲೇಬೇಕಾದ ದಿನ ಅದೊಂದೇ. ಕೂರಿಸಿದ ಕೂಡಲೇ ಮೂರನೆಯದೋ ನಾಲ್ಕನೆಯದೋ ಟೈಲನ್ನು ಎತ್ತಿಸಿ ಬೆನ್ನು ನೋಡಿ. ಮೂಲೆಗಳೂ ಸೇರಿ ಹೆಚ್ಚುಕಡಿಮೆ ಪೂರ್ತಿ ಅಂಟು ಹತ್ತಿರಬೇಕು. ಮುಂದಿನ ದಿನಗಳಲ್ಲಿ ಊಟದ ಬಿಡುವಿನ ಹೊತ್ತಿಗೆ ಎತ್ತಿದ ಟೈಲಿನ ಬೆನ್ನಿನ ಫೋಟೋ ಕಳಿಸಲು ಹೇಳಿ. ಮುಗಿದ ನೆಲದ ಫೋಟೋದಲ್ಲಿ ಏನೂ ತಿಳಿಯುವುದಿಲ್ಲ.

ನೆಲ 12ರಿಂದ 14 ಮಿ.ಮೀ. ಏರುತ್ತದೆ ಎಂಬುದು ಈ ವಿಧಾನದ ದೊಡ್ಡ ತಕರಾರು. ಮರದ ಬಾಗಿಲು ಕೆಳಗೆ ಕೊಯ್ದರೆ ಸರಿಹೋಗುತ್ತದೆ. ಬಾಲ್ಕನಿಯ ಜಾರು ಬಾಗಿಲಿನ ಟ್ರ್ಯಾಕ್ ಮಾತ್ರ ಹೊಸ ನೆಲಕ್ಕಿಂತ ತಗ್ಗಾಗಿ ಮಳೆನೀರು ಒಳಗೆ ಬರಬಹುದು. ಅಲ್ಲಿ ಒಂದು ಸಾಲು ಗ್ರಾನೈಟ್ ಪಟ್ಟಿ ಬೇಕಾಗುತ್ತದೆ. ಹೊಸ್ತಿಲು ತಗ್ಗಾಗಿ ಕಾಣುವುದನ್ನು ಮನೆ ನೋಡಲು ಬರುವ ಹಿರಿಯರು ಮೊದಲು ಗಮನಿಸುತ್ತಾರೆ.

ಬಾತ್‌ರೂಮಿನಲ್ಲಿ ಈ ಏರಿಕೆಯೇ ನೀರು ಹೊರಹೋಗುವ ನಾಣಿ ಟ್ರ್ಯಾಪಿನ ಕಡೆಗಿನ ಇಳಿಜಾರನ್ನು ಕೆಡಿಸುತ್ತದೆ, ಕಮೋಡ್ ಕಳಚಿ ಮತ್ತೆ ಕೂರಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಡ್ಹೆಸಿವ್ ವಾಟರ್‌ಪ್ರೂಫಿಂಗ್ ಅಲ್ಲ. ಹಳೆ ಸೋರಿಕೆ ಅಡಿಯಲ್ಲಿ ಹಾಗೇ ಇದ್ದು ಕೆಳಮನೆಯ ಸೀಲಿಂಗಿನಲ್ಲಿ ಕಾಣಿಸಿಕೊಳ್ಳುತ್ತದೆ, ಅದೂ ನೋಂದಣಿ ಮುಗಿದ ಮೇಲೆ. ಅಲ್ಲಿ ಸ್ಲ್ಯಾಬ್‌ವರೆಗೆ ಕೀಳಿಸಿ, ವಾಟರ್‌ಪ್ರೂಫಿಂಗ್ ಕೋಟ್ ಹಾಕಿಸಿ, ನೀರು ನಿಲ್ಲಿಸಿ ಪರೀಕ್ಷಿಸಿ. ಬಾತ್‌ರೂಮ್ ಗೋಡೆಗೆ ಟೈಲ್ ಮೇಲೆ ಟೈಲ್ ನಡೆಯುತ್ತದೆ. ನಲ್ಲಿಗಳಿಗೆ ಎಕ್ಸ್‌ಟೆನ್ಷನ್ ನಿಪ್ಪಲ್ (ಉದ್ದ ಹೆಚ್ಚಿಸುವ ಪೈಪ್ ತುಂಡು) ಹಾಕಿದರೆ ಸಾಕು. ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರ್ ಗೋಡೆಯೊಳಗೆ ಇದ್ದರೆ ಅದರ ಹಿಡಿಕೆ ಹೊಸ ಟೈಲಿನಿಂದ ಹೊರಗೆ ಬರುತ್ತದೆಯೇ ಎಂದು ಮೊದಲು ಅಳೆಯಿರಿ.

ಚೀಲಗಳನ್ನು ಬಿಲ್ ಸಮೇತ ಕೊಂಡು ಬ್ಯಾಂಕ್ ಮೂಲಕವೇ ದುಡ್ಡು ಕೊಡಿ. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಸಂಬಳದ ಜೊತೆ ಸೇರಿ ಸ್ಲ್ಯಾಬ್ ದರದಲ್ಲಿ ತೆರಿಗೆಗೆ ಬೀಳುತ್ತದೆ. ಸುಧಾರಣೆ ವೆಚ್ಚ ಎಂದು ಏನನ್ನು ಕಳೆಯಬಹುದೆಂದು ಆಡಿಟರ್ ಹೇಳುತ್ತಾರೆ, ಆದರೆ ಬಿಲ್ಲಿಲ್ಲದ ಚೀಲವನ್ನು ಯಾವ ಆಡಿಟರೂ ಲೆಕ್ಕಕ್ಕೆ ಸೇರಿಸಲಾರರು.